ಫ್ರೀವೀಲ್‌ಗೆ ವೆಲ್ಡಿಂಗ್ ಹೊಡೆಸಿದರೆ ಕ್ರಿಸ್ ಹೋಯ್ ಆಗೋಲ್ಲ

ದಾವಣಗೆರೆಯ ಹುಡುಗರೇ, ರೇಸಿನ ಟ್ರ್ಯಾಕ್ ಸೈಕಲ್ಲಿನಂತೆ ಮಾಡಲು ಹಳೇ ಸೈಕಲ್ಲಿನ ಫ್ರೀವೀಲ್‌ಗೆ (ಪೆಡಲ್ ನಿಂತರೂ ಚಕ್ರ ತಿರುಗಲು ಬಿಡುವ ಹಿಂದಿನ ಹಲ್ಲುಚಕ್ರ) ವೆಲ್ಡಿಂಗ್ ಹೊಡೆಸಿ, ಬ್ರೇಕ್ ಕಿತ್ತು ಪಿ.ಬಿ. ರಸ್ತೆಗೆ ಇಳಿಯಬೇಡಿ. ಟ್ರ್ಯಾಕ್ ಸೈಕಲ್ಲಿಗೆ ಫ್ರೀವೀಲ್ ಇಲ್ಲ, ಬ್ರೇಕೂ ಇಲ್ಲ, ನಿಜ. ಆದರೆ ಅದರ ಹಿಂದಿನ ಹಬ್‌ನಲ್ಲಿ ಉಲ್ಟಾ ಥ್ರೆಡ್ಡಿನ ಲಾಕ್‌ರಿಂಗ್ ಇರುತ್ತದೆ. ಕಾಲಿನಿಂದ ಪೆಡಲ್ ತಡೆದಾಗ ಹಲ್ಲುಚಕ್ರ ಬಿಚ್ಚಿಕೊಳ್ಳದಂತೆ ಹಿಡಿಯುವುದೇ ಅದು. ಮಾಮೂಲಿ ಹಬ್‌ಗೆ ಅದಿಲ್ಲ. ವೆಲ್ಡ್ ಮಾಡಿದ ಫ್ರೀವೀಲ್ ಬಾಟಲಿ ಮುಚ್ಚಳದಂತೆ ತಿರುಗಿ ಸಡಿಲಾಗುತ್ತದೆ, ಆಮೇಲೆ ನಿಲ್ಲಿಸೋಕೆ ಚಪ್ಪಲಿಯೇ ಗತಿ.

ಬ್ರಿಟನ್ನಿನ ಟ್ರ್ಯಾಕ್ ಸೈಕಲ್ ಓಟಗಾರ ಕ್ರಿಸ್ ಹೋಯ್‌ನ ಆರು ಒಲಿಂಪಿಕ್ ಚಿನ್ನವನ್ನು ಎಲ್ಲರೂ ಎಣಿಸುತ್ತಾರೆ. ನನ್ನ ಪ್ರಕಾರ ಅವನ ಆಟದ ತಿರುಳಿರುವುದು 2005ರಿಂದ 2008ರ ನಡುವೆ. 2004ರ ಅಥೆನ್ಸ್‌ನಲ್ಲಿ 1 ಕಿ.ಮೀ. ಟೈಮ್ ಟ್ರಯಲ್ಲನ್ನು (ಇದನ್ನೇ ‘ಕಿಲೋ’ ಅನ್ನೋದು) 1 ನಿಮಿಷ 0.711 ಸೆಕೆಂಡಿನಲ್ಲಿ ಮುಗಿಸಿ ಗೆದ್ದ. ಮರುವರ್ಷವೇ ಬಿಎಂಎಕ್ಸ್‌ಗೆ (ಚಿಕ್ಕ ಚಕ್ರದ ಸೈಕಲ್ಲಿನ ಮಣ್ಣಿನ ಟ್ರ್ಯಾಕ್ ರೇಸ್) ಜಾಗ ಮಾಡಲು ಆ ಸ್ಪರ್ಧೆಯನ್ನು ಒಲಿಂಪಿಕ್ಸ್‌ನಿಂದ ತೆಗೆದರು. ಅವನು ಚಿಕ್ಕಂದಿನಲ್ಲಿ ಓಡಿಸುತ್ತಿದ್ದದ್ದು ಬಿಎಂಎಕ್ಸೇ! ಸಾಕಿದ ಗಿಣಿ ಹದ್ದಾಗಿ ಕುಕ್ಕಿತು.

ಕಿಲೋದಲ್ಲಿ 250 ಮೀಟರ್ ಟ್ರ್ಯಾಕಿನ ನಾಲ್ಕು ಸುತ್ತು, ಎದುರಾಳಿ ಗಡಿಯಾರವೊಂದೇ. ಕಿಲೋ ಹೋದ ಮೇಲೆ ಅವನು ಹೊರಳಿದ್ದು ಕೀರಿನ್ ಮತ್ತು ಸ್ಪ್ರಿಂಟ್ ಕಡೆಗೆ. ಕೀರಿನ್ ಎಂಬ ಗುಂಪು ರೇಸಿನಲ್ಲಿ ಮುಂದಿನ ಮೋಟಾರ್ ಬೈಕು ವೇಗವನ್ನು ಗಂಟೆಗೆ 50 ಕಿ.ಮೀ.ಗೆ ಏರಿಸಿ ಪಕ್ಕಕ್ಕೆ ಸರಿಯುತ್ತದೆ, ಅಲ್ಲಿಂದ ನೂಕಾಟ. ಹೋಯ್ ಹಿಂದೆ ಅವಿತು ಕಾಯುವ ಆಸಾಮಿಯಲ್ಲ. ಬೇಗ ಮುಂದೆ ಬಂದು ಕೊನೇವರೆಗೂ ಯಾರಿಗೂ ದಾರಿ ಬಿಡುತ್ತಿರಲಿಲ್ಲ. ಅದು ಕಿಲೋದಲ್ಲಿ ಗಳಿಸಿದ ದಮ್ಮು. ತೊಡೆ ಉರಿಯುವಾಗಲೂ ತುಳಿಯುವುದು ಅವನಿಗೆ ಹೊಸದಲ್ಲ. ಬೀಜಿಂಗ್‌ನಲ್ಲಿ ಟೀಮ್ ಸ್ಪ್ರಿಂಟ್, ಕೀರಿನ್, ಸ್ಪ್ರಿಂಟ್, ಮೂರೂ ಚಿನ್ನ. ಕಿಲೋ ಉಳಿದಿದ್ದರೆ ಅವನು ಸ್ಪ್ರಿಂಟ್ ಕಡೆ ತಲೆ ಹಾಕುತ್ತಿದ್ದನೋ ಇಲ್ಲವೋ.

ಅದೇ ಕಿಲೋ ವಿಶ್ವದಾಖಲೆಗಾಗಿ 2007ರಲ್ಲಿ ಬೊಲಿವಿಯಾದ ಲಾ ಪಾಜ್‌ಗೆ ಹೋದ. ಎತ್ತರದ ಊರು, ಗಾಳಿ ತೆಳು, ತಡೆ ಕಡಿಮೆ. ಆಗಿನ ದಾಖಲೆ 58.875 ಸೆಕೆಂಡು, ಅವನದು 58.880. ಆ ವೇಗದಲ್ಲಿ ವ್ಯತ್ಯಾಸ ನಾಲ್ಕು ಬೆರಳಗಲ.

ಗಾಳಿಯ ಬೆಲೆ ಅಷ್ಟು. ದುರ್ಗದ ಜೋಗಿಮಟ್ಟಿ ಸಾಲಿನಲ್ಲಿ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲ. ಬೆನ್ನುಗಾಳಿಯಲ್ಲಿ ಬಂದ ಟೈಮನ್ನು ಸ್ಟೇಟಸ್‌ಗೆ ಹಾಕಬೇಡಿ. ಹೋಗ್ತಾ ಬರ್ತಾ ಎರಡೂ ಹೊಡೆದು ಸರಾಸರಿ ತೆಗೆಯಿರಿ. ಆಗಲೂ ಗಾಳಿಯಿಲ್ಲದ ದಿನಕ್ಕಿಂತ ಟೈಮ್ ಹೆಚ್ಚೇ ಬರುತ್ತದೆ, ಎದುರುಗಾಳಿ ಕಿತ್ತುಕೊಂಡಷ್ಟನ್ನು ಬೆನ್ನುಗಾಳಿ ವಾಪಸ್ ಕೊಡೋಲ್ಲ.

ಮೊದಲು ಸ್ಟಾರ್ಟ್ ಕಲಿಯಿರಿ. ನಿಂತಲ್ಲಿಂದ 60 ಮೀಟರ್, ಆರು ಸಲ, ನಡುವೆ 5 ನಿಮಿಷ ಪೂರ್ತಿ ವಿಶ್ರಾಂತಿ. ಉಸಿರು ಸುಧಾರಿಸುವ ಮೊದಲೇ ಹೊರಟರೆ ಅದು ಬರೀ ಬೆವರು. ಮುಂದೆ 50 ಹಲ್ಲು, ಹಿಂದೆ 14 ಹಾಕಿದರೆ ಪೆಡಲ್ಲಿನ ಒಂದು ಸುತ್ತಿಗೆ ಸುಮಾರು 7.5 ಮೀಟರ್, ನಿಮಿಷಕ್ಕೊಂದು ಕಿ.ಮೀ. ಹೋಗಲು 133 ಸುತ್ತು ಬೇಕು. ಹೊಸಬರ ಮೊಣಕಾಲಿಗೆ ಅದು ಭಾರ, 48-16 ಸಾಕು. ಚೈನ್ ನಡುಮಧ್ಯೆ ಅರ್ಧ ಇಂಚು ಆಡಬೇಕು; ಪೆಡಲ್ ಪೂರ್ತಿ ತಿರುಗಿಸಿ, ಎಲ್ಲಿ ತೀರಾ ಬಿಗಿಯೋ ಅಲ್ಲಿ ಅಳೆಯಿರಿ. ಹಿಂದಿನ ಬಲಗಡೆ ನಟ್ ಸಡಿಲಿದ್ದರೆ ಮೊದಲ ತುಳಿತಕ್ಕೇ ಚಕ್ರ ಸೊಟ್ಟಗಾಗಿ ಎಡಗಡೆ ಫ್ರೇಮಿಗೆ ಉಜ್ಜುತ್ತದೆ. ಅಸಲಿ ಟ್ರ್ಯಾಕ್ ಹಬ್ ಇದ್ದರೂ ರಸ್ತೆಯಲ್ಲಿ ಮುಂದಿನ ಬ್ರೇಕ್ ಇರಲಿ.