ಪಾಲಾದ ಮನೆಗಳಿಗೆ ಒಂದೇ ಬಾವಿ ಸಾಕೆ?

ಪ್ರಶ್ನೆ: ಪಾಠ ಹೇಳುವ ಬಗೆ ಸುಧಾರಿಸಲು ದಾವಣಗೆರೆ, ಕುವೆಂಪು ವಿಶ್ವವಿದ್ಯಾಲಯಗಳು ಕೈಜೋಡಿಸಬೇಕೆ?

ಪರ: ದಾವಣಗೆರೆಯ ಅರ್ಥಶಾಸ್ತ್ರ ಅಧ್ಯಾಪಕಿ

ಬೇರೆ ಬೇರೆ ಕಾಲೇಜಿನ ಮೇಷ್ಟರುಗಳು ದಿನಗಟ್ಟಲೆ ಒಟ್ಟಿಗೆ ಕೂರುವುದು ಮೌಲ್ಯಮಾಪನ ಕೇಂದ್ರದಲ್ಲಿ ಮಾತ್ರ. ಅಲ್ಲಿ ಯಾವ ಕಟ್ಟು ಬಿಚ್ಚಿದರೂ ಒಂದು ಉತ್ತರ ತಪ್ಪದೆ ಎದುರಾಗುತ್ತದೆ: ‘ಬೆಲೆ ಇಳಿದರೆ ಬೇಡಿಕೆ ರೇಖೆ ಬಲಕ್ಕೆ ಸರಿಯುತ್ತದೆ.’ ಸರಿಯುವುದಿಲ್ಲ. ಯಾವ ಬೆಲೆಗೆ ಎಷ್ಟು ಕೊಳ್ಳುತ್ತಾರೆ ಎಂದು ತೋರಿಸುವ ರೇಖೆ ಅದು; ಬೆಲೆ ಇಳಿದರೆ ಅದೇ ರೇಖೆಯ ಮೇಲೆ ಕೆಳಗಿಳಿಯುತ್ತೇವೆ, ಅಷ್ಟೆ. ಅಷ್ಟೊಂದು ಮಕ್ಕಳು ಒಂದೇ ಕಡೆ ಎಡವುತ್ತಿದ್ದರೆ ಕಲ್ಲು ಇಟ್ಟವರು ನಾವೇ ಇರಬೇಕು.

ಒಮ್ಮೆ ಚಹಾದ ಹೊತ್ತಿನಲ್ಲಿ ಜಗಳೂರು ಕಡೆಯ ಮೇಷ್ಟರೊಬ್ಬರು ತಮ್ಮ ಉಪಾಯ ಹೇಳಿದರು. ಮೆಕ್ಕೆಜೋಳದ ಬೆಲೆ ಇಳಿಯಿತು, ಕೋಳಿ ಫಾರಂನವನು ನಾಲ್ಕು ಚೀಲ ಹೆಚ್ಚು ಕೊಂಡ: ರೇಖೆ ಇದ್ದಲ್ಲೇ ಇದೆ. ಬೆಲೆ ಹಾಗೇ ಇದ್ದು ಊರಿಗೆ ಇನ್ನೆರಡು ಫಾರಂ ಬಂದವು: ಈಗ ರೇಖೆಯೇ ಸರಿಯಿತು. ಮರುವರ್ಷ ನನ್ನ ತರಗತಿಯಲ್ಲೂ ಅದನ್ನೇ ಹೇಳಿದೆ. ಹಿಂದಿನ ಬೆಂಚಿನ ಹುಡುಗರು, ಮನೆಯಲ್ಲಿ ಮೆಕ್ಕೆಜೋಳ ಬೆಳೆಯುವವರು, ಮೊದಲು ಕೈಯೆತ್ತಿದರು.

ಹತ್ತು ನಿಮಿಷದ ಚಹಾಕ್ಕೆ ಬಿಟ್ಟಿರುವ ಈ ಮಾತಿಗೆ ಸೆಮಿಸ್ಟರಿಗೆ ಎರಡು ದಿನ ಕೊಡಿ ಎನ್ನುವುದಷ್ಟೇ ನನ್ನ ಬೇಡಿಕೆ. ಮಕ್ಕಳ ತಪ್ಪುಗಳನ್ನು ಮುಂದಿಟ್ಟುಕೊಂಡು ಕೂರೋಣ, ಒಬ್ಬರ ತರಗತಿಗೆ ಇನ್ನೊಬ್ಬರು ಹೋಗೋಣ. ಈ ಎರಡು ವಿಶ್ವವಿದ್ಯಾಲಯಗಳು ಅಪರಿಚಿತರೇನಲ್ಲ. ದಾವಣಗೆರೆ ವಿಶ್ವವಿದ್ಯಾಲಯದ ಆವರಣವಾದ ಶಿವಗಂಗೋತ್ರಿ 1979ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾಗಿ, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿ, 2009ರಲ್ಲಿ ಬೇರೆ ಒಲೆ ಹೂಡಿತು. ಪಾಲಾದ ಅಣ್ಣತಮ್ಮಂದಿರೂ ಒಂದೇ ಬಾವಿಯ ನೀರು ಸೇದುತ್ತಾರೆ. ಚಳ್ಳಕೆರೆ ಬಳಿಯ ಕುದಾಪುರದಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ, ವಿಜ್ಞಾನ ಮೇಷ್ಟರುಗಳು ಉಳಿದುಕೊಂಡು ತಮ್ಮ ಕೈಯಾರೆ ಪ್ರಯೋಗ ಮಾಡಿ ಕಲಿಯುವ ತರಬೇತಿ ನಡೆಯುತ್ತದೆ. ಕಲೆ, ವಾಣಿಜ್ಯದವರಿಗೆ ಅಂಥದ್ದೊಂದು ಬೇಡವೆ?

ವಿರೋಧ: ಚಿತ್ರದುರ್ಗ ಜಿಲ್ಲೆಯ ಅತಿಥಿ ಉಪನ್ಯಾಸಕ

ಮೇಡಂ ಹೇಳುವ ಚಹಾ ನನಗೂ ಇಷ್ಟ. ಆದರೆ ಎರಡು ವಿಶ್ವವಿದ್ಯಾಲಯಗಳು ಅದನ್ನು ಕಾಯಿಸಲು ಹೊರಟರೆ ಮೊದಲು ಒಡಂಬಡಿಕೆ, ಆಮೇಲೆ ಫೋಟೊ, ಆಮೇಲೆ ಕಾಲೇಜುಗಳಿಗೆ ಶ್ರೇಣಿ ಕೊಡುವ ನ್ಯಾಕ್‌ನ ಕಡತಕ್ಕೊಂದು ಹಾಳೆ. 1987ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅಧ್ಯಾಪಕರ ತರಬೇತಿಗೆಂದೇ ಕೇಂದ್ರಗಳನ್ನು ನಡೆಸುತ್ತ ಬಂದಿದೆ. ಅವುಗಳ ಹೆಸರು ಎರಡು ಸಲ ಬದಲಾಗಿದೆ. ಪದೋನ್ನತಿಗೆ ಪ್ರಮಾಣಪತ್ರ ಬೇಕು, ಆದ್ದರಿಂದ ಜನ ಹೋಗುತ್ತಾರೆ. ಆನ್‌ಲೈನ್ ತರಬೇತಿಗೆ ಕ್ಯಾಮೆರಾ ಮುಚ್ಚಿಟ್ಟು ಮಗಳ ಮದುವೆಯ ಪತ್ರಿಕೆ ಹಂಚಿ ಬಂದವರನ್ನು ನಾನೇ ಬಲ್ಲೆ. ಅವರ ಮೇಲೆ ಸಿಟ್ಟಿಲ್ಲ, ಊಟಕ್ಕೂ ಕರೆದಿದ್ದರು.

ಓಓಡಿ (ಬೇರೆ ಕರ್ತವ್ಯದ ಮೇಲೆ ಹೋಗಲು ಅನುಮತಿ) ಹಾಕಿ ಎರಡು ದಿನ ಕೂರುವವರು ಕಾಯಂ ಅಧ್ಯಾಪಕರು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊತ್ತಿರುವ ನಾವು ವರ್ಷ ವರ್ಷವೂ ಹೊಸದಾಗಿ ಅರ್ಜಿ ಹಾಕಿ, ಕಾರ್ಯಭಾರ ಎಷ್ಟು ಸಿಗುತ್ತದೋ ಎಂದು ಕಾಯುವವರು. ಪಠ್ಯಕ್ರಮವೂ ನಿಲ್ಲುವುದಿಲ್ಲ: 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ನೋಟ್ಸ್ ತಿದ್ದುವುದರಲ್ಲೇ ನಮ್ಮ ಬೇಸಿಗೆ ಕಳೆಯಿತು.

ನಾನು ಪಾಠ ಹೇಳಲು ಕಲಿತದ್ದು ಹೇಗೆಂದರೆ, ಕಾಲೇಜಿನ ಹಿರಿಯರೊಬ್ಬರು ಒಂದು ವಾರ ಕೊನೆಯ ಬೆಂಚಿನಲ್ಲಿ ಬಂದು ಕುಳಿತರು. ಯಾರೂ ಆದೇಶ ಕೊಟ್ಟಿರಲಿಲ್ಲ. ಐದನೆಯ ದಿನ ಹೊರಗೆ ಕರೆದು, “ಮೇಷ್ಟ್ರೇ, ನೀವು ಹಲಗೆಗೆ ಪಾಠ ಹೇಳುತ್ತಿದ್ದೀರಿ, ಅದಕ್ಕೆ ಚೆನ್ನಾಗಿ ಅರ್ಥವಾಗಿದೆ” ಎಂದರು. ಅಂದಿನಿಂದ ಪಕ್ಕಕ್ಕೆ ನಿಂತು, ಅರ್ಧ ಸಾಲು ಬರೆದು, ಮುಖಗಳನ್ನು ನೋಡಿ, ಉಳಿದರ್ಧ ಬರೆಯುತ್ತೇನೆ.

ಅವರು ನಿವೃತ್ತರಾದರು. ಆ ಹುದ್ದೆ ಇನ್ನೂ ಖಾಲಿ ಇದೆ. ಅದರ ಕಾರ್ಯಭಾರವನ್ನು ನಾವು ಮೂವರು ಅತಿಥಿಗಳು ಹಂಚಿಕೊಂಡಿದ್ದೇವೆ. ಕೊನೆಯ ಬೆಂಚಿನಲ್ಲಿ ಕೂರಲು ಯಾರಿಗೂ ಬಿಡುವಿಲ್ಲ.