ಒಬ್ಬರ ಲಾಂಛನ, ಒಂದು ಕುಲದ ಗುರುತು

ನಾನಿರುವ ಎಡಿನ್‌ಬರೊದ ಅಂಗಡಿ ಬೀದಿಗಳಲ್ಲಿ ಸ್ಕಾಟ್ಲೆಂಡಿನ ಮನೆತನಗಳ ಹೆಸರು ಹೊತ್ತ ಗುರಾಣಿಯ ಚಿತ್ರಗಳು ಕೀಚೈನುಗಳ, ಗೋಡೆಫಲಕಗಳ ರೂಪದಲ್ಲಿ ಮಾರಾಟಕ್ಕಿವೆ. ಅವನ್ನು ಕಂಡವರಿಗೆ ಆ ಹೆಸರಿನವರೆಲ್ಲರೂ ಆ ಲಾಂಛನಕ್ಕೆ ಹಕ್ಕುದಾರರೆಂದು ತೋರುವುದು ಸಹಜ. ಆದರೆ ಇಲ್ಲಿನ ಕಾನೂನಿನಲ್ಲಿ ಕುಟುಂಬದ ಲಾಂಛನ ಎಂಬುದೇ ಇಲ್ಲ. ಲಾಂಛನವು ಒಬ್ಬ ವ್ಯಕ್ತಿಯ ಸ್ವತ್ತು, ಆ ವ್ಯಕ್ತಿಯ ನಂತರ ವಾರಸುದಾರರೊಬ್ಬರಿಗೆ ಸಲ್ಲುವಂಥದ್ದು. ಕಿರಿಯ ಮಕ್ಕಳು ಅದನ್ನು ಬಳಸಬೇಕೆಂದರೆ ಸ್ಕಾಟ್ಲೆಂಡಿನ ಲಾಂಛನಗಳ ಮುಖ್ಯಾಧಿಕಾರಿಯಾದ ಲಾರ್ಡ್ ಲಯನ್ ಅವರ ನ್ಯಾಯಾಲಯಕ್ಕೆ ಅರ್ಜಿ ಹಾಕಿ, ಗುರಾಣಿಗೆ ಬಣ್ಣದ ಅಂಚಿನಂಥ ವ್ಯತ್ಯಾಸವೊಂದನ್ನು ಪಡೆದು, 1672ರ ಶಾಸನದಿಂದ ನೆಲೆಗೊಂಡ ಸಾರ್ವಜನಿಕ ದಾಖಲೆಯಲ್ಲಿ ಅದನ್ನು ನಮೂದಿಸಿಕೊಳ್ಳಬೇಕು. ಕ್ಲ್ಯಾನಿನ, ಎಂದರೆ ಆ ಕುಲದ, ಉಳಿದವರು ಮುಖ್ಯಸ್ಥನ ಶಿರಸ್ತ್ರಾಣದ ಮೇಲಿನ ಚಿಹ್ನೆಯನ್ನಷ್ಟೇ, ಬಕಲ್ ಇರುವ ಪಟ್ಟಿಯೊಳಗೆ ಕೂಡಿಸಿ ತೊಡಬಹುದು. ಚಿಹ್ನೆ ಮುಖ್ಯಸ್ಥನದು, ತೊಟ್ಟವರು ಅವನ ಕಡೆಯವರು ಎಂಬುದನ್ನು ಆ ಪಟ್ಟಿ ತಿಳಿಸುತ್ತದೆ.

ಒಡೆತನದ ಈ ಕಲ್ಪನೆಯನ್ನು ನಾನು ಒಪ್ಪಲಾರೆ, ಆದರೆ ಇವರ ರಚನೆಯ ಶಿಸ್ತನ್ನು ಮನಸಾರೆ ಮೆಚ್ಚುತ್ತೇನೆ. ಡಗ್ಲಸ್ ಮನೆತನದ ಹಳೆಯ ಗುರಾಣಿಯನ್ನೇ ನೋಡಿ. ಬೆಳ್ಳಿಯ ನೆಲದ ಮೇಲೆ ಒಂದು ಕೆಂಪು ಹೃದಯ, ಮೇಲ್ಭಾಗದ ನೀಲಿ ಪಟ್ಟಿಯಲ್ಲಿ ಮೂರು ಬೆಳ್ಳಿ ನಕ್ಷತ್ರಗಳು, ಅಷ್ಟೇ. ದೊರೆ ರಾಬರ್ಟ್ ಬ್ರೂಸ್ 1329ರಲ್ಲಿ ತೀರಿಕೊಂಡಾಗ, ತನ್ನ ಹೃದಯವನ್ನು ಧರ್ಮಯುದ್ಧಕ್ಕೆ ಕೊಂಡೊಯ್ಯಬೇಕೆಂಬ ಅವನ ಕೊನೆಯಾಸೆಯನ್ನು ನಡೆಸಲು ಹೊರಟವನು ಸರ್ ಜೇಮ್ಸ್ ಡಗ್ಲಸ್. ಮರುವರ್ಷ ಸ್ಪೇನಿನ ತೆಬಾದ ಬಳಿ ಕಾದಾಡುತ್ತ ಮಡಿದನು. ಹೃದಯವು ಸ್ಕಾಟ್ಲೆಂಡಿಗೆ ಮರಳಿ ಮೆಲ್ರೋಸ್ ಮಠದಲ್ಲಿ ಸಮಾಧಿಯಾಯಿತು, ಡಗ್ಲಸರ ಗುರಾಣಿಯ ಮೇಲೆಯೂ ನೆಲೆಸಿತು. ಕೊಟ್ಟ ಮಾತಿಗಾಗಿ ಜೀವ ತೆತ್ತದ್ದನ್ನು ಇಷ್ಟು ಕಡಿಮೆ ಗೆರೆಗಳಲ್ಲಿ ಹೇಳಿದ ಇನ್ನೊಂದು ಲಾಂಛನವನ್ನು ನಾನು ಕಂಡಿಲ್ಲ.

ಬಣ್ಣಗಳಿಗೂ ನಿಯಮವಿದೆ. ಚಿನ್ನ ಮತ್ತು ಬೆಳ್ಳಿ ಲೋಹಗಳ ಗುಂಪು. ಕೆಂಪು, ನೀಲಿ, ಕಪ್ಪು, ಹಸಿರು ಮೊದಲಾದವು ಬಣ್ಣಗಳ ಗುಂಪು. ಲೋಹದ ಮೇಲೆ ಲೋಹವನ್ನಾಗಲಿ ಬಣ್ಣದ ಮೇಲೆ ಬಣ್ಣವನ್ನಾಗಲಿ ಇಡುವಂತಿಲ್ಲ, ಏಕೆಂದರೆ ದೂರದಿಂದ ನೋಡಿದವರಿಗೂ ಗುರುತು ಹತ್ತಬೇಕು. ಇದಕ್ಕಿಂತ ಮುಖ್ಯವಾದದ್ದು, ಲಾಂಛನದ ಅಧಿಕೃತ ರೂಪ ಚಿತ್ರದಲ್ಲಿಲ್ಲ, ಮಾತಿನಲ್ಲಿದೆ. ನೆಲದ ಬಣ್ಣ ಯಾವುದು, ಅದರ ಮೇಲೆ ಏನಿದೆ, ಎಷ್ಟಿವೆ, ಯಾವ ಭಂಗಿಯಲ್ಲಿವೆ ಎಂದು ಒಂದೆರಡು ಸಾಲಿನಲ್ಲಿ ಹೇಳಿಬಿಟ್ಟರೆ ಯಾವ ಚಿತ್ರಕಾರ ಬೇಕಾದರೂ ತನ್ನ ಶೈಲಿಯಲ್ಲಿ ಅದನ್ನು ಬಿಡಿಸಬಹುದು. ನಮ್ಮ ಶಿಲ್ಪಿಗಳಿಗೆ ಧ್ಯಾನಶ್ಲೋಕಗಳು ಮಾಡಿದ ಕೆಲಸವೂ ಇದೇ. ದೇವರ ಕೈಗಳೆಷ್ಟು, ಆಯುಧ ಯಾವುದು, ವಾಹನ ಯಾವುದು ಎಂಬುದನ್ನು ಶ್ಲೋಕ ಹೇಳುತ್ತದೆ. ಹೊಯ್ಸಳರ ಉಳಿಯೂ ವಿಜಯನಗರದ ಉಳಿಯೂ ಬೇರೆಬೇರೆಯಾಗಿ ಕಡೆದರೂ ಭಕ್ತರು ದೇವರನ್ನು ಗುರುತಿಸುತ್ತಾರೆ.

ಕರ್ನಾಟಕದ ಅರಸುಮನೆಗಳಿಗೂ ಲಾಂಛನಗಳು ಹೊಸದಲ್ಲ. ಚಾಲುಕ್ಯರ ವರಾಹ, ಕದಂಬರ ಸಿಂಹ, ಗಂಗರ ಆನೆ ತಾಮ್ರಶಾಸನಗಳ ಮುದ್ರೆಗಳಲ್ಲಿ ಉಳಿದಿವೆ. ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಕಂಬದ ಮೇಲಿರುವ ಗಂಡಭೇರುಂಡವು ವಿಜಯನಗರದ ಅಚ್ಯುತರಾಯನ ನಾಣ್ಯಗಳಲ್ಲಿ ಕಾಣಿಸಿಕೊಂಡು, ಮುಂದೆ ಮೈಸೂರಿನ ಒಡೆಯರ ಗುರುತಾಯಿತು. ಒಡೆಯರ ಲಾಂಛನವು ಯುರೋಪಿನ ಚೌಕಟ್ಟನ್ನು ಒಪ್ಪಿಕೊಂಡರೂ ಒಳಗಿನದೆಲ್ಲವನ್ನೂ ನಮ್ಮದಾಗಿಯೇ ಇಟ್ಟುಕೊಂಡಿತು: ಗುರಾಣಿಯ ಆಚೀಚೆ ಆನೆಯ ತಲೆ, ಸಿಂಹದ ಮೈಯ ಪ್ರಾಣಿಗಳು, ಕೆಳಗೆ ತೈತ್ತಿರೀಯ ಉಪನಿಷತ್ತಿನ ‘ನ ಬಿಭೇತಿ ಕದಾಚನ’. ಆ ಮನೆತನದ ಹಕ್ಕಿ ಇಂದು ಕೆಂಪು ಗುರಾಣಿಯ ಮೇಲೆ ಬಿಳಿಯದಾಗಿ ಇಡೀ ರಾಜ್ಯದ ಲಾಂಛನದಲ್ಲಿದೆ. ಒಂದು ಮನೆಯದು ಎಲ್ಲರದೂ ಆದ ಈ ನಡೆ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಅರಸುಮನೆಯ ಹೊರಗೆ ನಮ್ಮ ರೀತಿ ಇನ್ನೂ ವಿಶಾಲವಾದುದು. ಕುರುಬರಲ್ಲಿ, ಕುಂಚಿಟಿಗರಲ್ಲಿ, ಇನ್ನೂ ಹಲವು ಸಮುದಾಯಗಳಲ್ಲಿ ಬೆಡಗುಗಳೆಂಬ ಒಳಕುಲಗಳಿವೆ. ಆನೆ, ಬೆಳ್ಳಿ, ಜೀರಿಗೆ ಎಂಬಂಥ ಹೆಸರುಗಳು ಅವಕ್ಕಿವೆ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಮದುವೆಯಿಲ್ಲ. ತಮ್ಮ ಬೆಡಗಿನ ಗಿಡವನ್ನು ಕಡಿಯದ, ಪ್ರಾಣಿಯನ್ನು ಕೊಲ್ಲದ ಕಟ್ಟುಪಾಡು ಹಲವರಲ್ಲಿ ನಡೆದುಬಂದಿದೆ. ಇಲ್ಲಿ ಹಿರಿಯ ಮಗನ ಪಾಲು ಹೆಚ್ಚೆಂಬುದಿಲ್ಲ, ಗುರುತು ಎಲ್ಲರಿಗೂ ಪೂರ್ತಿಯಾಗಿಯೇ ಸಲ್ಲುತ್ತದೆ. ಅದರೊಂದಿಗೆ ಬರುವುದು ಹಕ್ಕಿಗಿಂತ ಹೆಚ್ಚಾಗಿ ಹೊಣೆ.

ಹೊರನಾಡಿನ ಕನ್ನಡ ಕುಟುಂಬಗಳು ಈಗ ಮದುವೆಯ ಕರೆಯೋಲೆಗೆ, ಹೊಸ ಮನೆಯ ಬಾಗಿಲಿಗೆ ಲಾಂಛನ ಬರೆಯಿಸಿಕೊಳ್ಳಲು ಹೊರಟರೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಿಂಗಾಲಲ್ಲಿ ನಿಂತ ಸಿಂಹ, ಲೋಹದ ಶಿರಸ್ತ್ರಾಣ, ಲ್ಯಾಟಿನ್ ಧ್ಯೇಯವಾಕ್ಯಗಳನ್ನು ತಂದು ಅಂಟಿಸುವುದು ನಮಗೆ ಸಲ್ಲದು, ಏಕೆಂದರೆ ಅವುಗಳ ಹಿಂದೆ ನಮ್ಮ ಮನೆಯ ಯಾವ ಸಂಗತಿಯೂ ಇಲ್ಲ. ಗಂಡಭೇರುಂಡವೂ ಬೇಡ, ಅದು ಇಡೀ ನಾಡಿನದು. ಮನೆದೇವರ ಆಯುಧ, ಬೆಡಗಿನ ಗಿಡ, ಅಜ್ಜ ಅಜ್ಜಿ ಹಿಡಿದ ಕಸುಬಿನ ಸಲಕರಣೆ, ಇವುಗಳಲ್ಲಿ ಒಂದನ್ನು, ಹೆಚ್ಚೆಂದರೆ ಎರಡನ್ನು ಆರಿಸಿಕೊಂಡು, ಎರಡೇ ಬಣ್ಣಗಳಲ್ಲಿ ನಿಲ್ಲಿಸಿ, ಅದರ ವರ್ಣನೆಯನ್ನು ಮೊದಲು ಕನ್ನಡದಲ್ಲಿ ಬರೆದಿಡಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಕಿರಿಯ ಮಕ್ಕಳಿಗೂ ಅದು ಯಾವ ಅಂಚಿನ ಗುರುತೂ ಇಲ್ಲದೆ ಸಮನಾಗಿ ಸೇರಬೇಕು.