ತೂಕದ ಮಾತೇ ಬಿಟ್ಟುಹೋಗಿದೆ

ಲೇಖನ ಚೆನ್ನಾಗಿದೆ ಸರ್. ಆದರೆ ಆಸ್ಟ್ರೇಲಿಯಾದ ಕುದುರೆ ಓಟ ಮೆಲ್ಬರ್ನ್ ಕಪ್‌ನಲ್ಲಿ ಎಲ್ಲಕ್ಕಿಂತ ಒಳ್ಳೆಯ ಕುದುರೆಯೇ ಗೆಲ್ಲುತ್ತದೆ ಎಂದು ಬರೆದಿದ್ದೀರಲ್ಲ, ಅದನ್ನು ಒಪ್ಪುವುದು ಕಷ್ಟ. ಇದು ಹ್ಯಾಂಡಿಕ್ಯಾಪ್ ರೇಸ್. ಹಿಂದೆ ಚೆನ್ನಾಗಿ ಓಡಿದ ಕುದುರೆಗೆ ಜಾಸ್ತಿ ಭಾರ, ಅಷ್ಟೇನೂ ಹೆಸರು ಮಾಡದ್ದಕ್ಕೆ ಕಡಿಮೆ. ಜಾಕಿಯ (ಸವಾರನ) ತೂಕ ಸಾಲದಿದ್ದರೆ ಜೀನಿಗೆ ಸೀಸದ ತುಂಡು ಸೇರಿಸಿ ಸರಿ ಮಾಡುತ್ತಾರೆ. ಓಟ ಮುಗಿದ ಮೇಲೆ ಗೆದ್ದ ಜಾಕಿ ಬೆವರು ಒರೆಸಿಕೊಳ್ಳುತ್ತಾ, ಜೀನು ಹಿಡಿದುಕೊಂಡೇ ಮತ್ತೆ ತೂಕಕ್ಕೆ ನಿಲ್ಲಬೇಕು.

ಕುದುರೆ ಫಾರ್ ಲ್ಯಾಪ್‌ನನ್ನೇ ನೋಡಿ. 1930ರಲ್ಲಿ ಸುಮಾರು 62.5 ಕಿಲೋ ಹೊತ್ತು ಗೆದ್ದ. ಮರುವರ್ಷ 68 ಕಿಲೋ ಹೇರಿದರು, ಎಂಟನೆಯವನಾಗಿ ಬಂದ. ಕುದುರೆ ಅದೇ ಅಲ್ವಾ? ಅದೂ ಎರಡು ಮೈಲಿ ಓಟ (1972ರಿಂದ 3200 ಮೀಟರ್). ಹೀಗಿರುವಾಗ ಮಕೈಬೀ ದಿವಾ ಎಂಬ ಹೆಣ್ಣು ಕುದುರೆ 2003ರಿಂದ 2005ರವರೆಗೆ ಮೂರು ಸಲ ಗೆದ್ದಳಲ್ಲ, ಕೊನೆಯ ಸಲ 58 ಕಿಲೋ ಹೊತ್ತು, ಅದಕ್ಕೆ ನನ್ನ ದೊಡ್ಡ ಸಲಾಂ.

ಆರ್ಚರ್ ಎಂಬ ಕುದುರೆ 1861, 1862ರಲ್ಲಿ ಗೆದ್ದದ್ದನ್ನು ಹೇಳಿ 1863ರ ರಗಳೆ ಬಿಟ್ಟುಬಿಟ್ಟಿದ್ದೀರಿ. ಆ ವರ್ಷ ಓಟಕ್ಕೆ ಆರ್ಚರ್ ಹೆಸರು ಕೊಡುವ ತಂತಿ ಸಂದೇಶ ಮೆಲ್ಬರ್ನ್‌ನಲ್ಲಿ ರಜೆ ಇದ್ದದ್ದರಿಂದ ತಡವಾಗಿ ಕೈಸೇರಿತು. ನಿಯಮ ನಿಯಮವೇ ಎಂದು ಸೇರಿಸಿಕೊಳ್ಳಲಿಲ್ಲ. ಸಿಟ್ಟಿಗೆದ್ದ ಬೇರೆ ಮಾಲೀಕರೂ ತಮ್ಮ ಕುದುರೆಗಳನ್ನು ವಾಪಸ್ ತೆಗೆದುಕೊಂಡರು. ಕೊನೆಗೆ ಓಡಿದ್ದು ಬರೀ ಏಳು! ಈಗ 24 ಜಾಗಕ್ಕೆ ನೂಕುನುಗ್ಗಲು.

ಇನ್ನೊಂದು ಸೇರಿಸಿ. 2020ರ ಓಟದಲ್ಲಿ ಆಂತೊನಿ ವ್ಯಾನ್ ಡೈಕ್ ಎಂಬ ಕುದುರೆ ಕಾಲು ಮುರಿದುಕೊಂಡು, ದಯಾಮರಣ ಕೊಡಬೇಕಾಯಿತು. ಆಮೇಲೆ ಹೊರದೇಶದಿಂದ ಬರುವ ಕುದುರೆಗಳ ಕಾಲಿನ ಸ್ಕ್ಯಾನ್ ಕಡ್ಡಾಯವಾಗಿದೆ. ಈ ನಿಯಮ ಇನ್ನೂ ಮೊದಲೇ ಬರಬೇಕಿತ್ತು.